ರೂಟರಿಗೆ ಹಾಕಿದ ಸೇವಂತಿಗೆ ಮಾಲೆ

ಬೆಳ್ತಂಗಡಿಯ ಆ ಸಣ್ಣ ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ನರಿಕೊಂಬಿನ ಮನೆಯಲ್ಲಿ ನೀರುದೋಸೆಯ ಮುಂದೆ ಕೂತಿದ್ದೆ. ಆಯುಧಪೂಜೆಯ ಮರುದಿನ.

"ಇಂಟರ್ನೆಟ್ ಉಂಟು, ಆದ್ರೆ ಲ್ಯಾಬಿನ ರಿಪೋರ್ಟ್ ಡಾಕ್ಟ್ರ ಕಂಪ್ಯೂಟರಿಗೆ ಹೋಗ್ತಾ ಇಲ್ಲ. ಕೂಡ್ಲೇ ಬನ್ನಿ ಮಾರಾಯ್ರೆ," ಎಂದರು ಮ್ಯಾನೇಜರು. "ನಮ್ಮ ಆಯಾ ಒಬ್ಬಳು ಪೂಜೆಗೆ ಅಂತ ರೂಟರ್ ಆಫ್ ಮಾಡಿ ಹಾಳು ಮಾಡಿದ್ದಾಳೆ. ಅವಳನ್ನು ಇವತ್ತೇ ಕೆಲಸದಿಂದ ಬಿಡಿಸ್ತೇನೆ."

ಆಫ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತಟ್ಟೆಯನ್ನು ಹಾಗೆಯೇ ಬಿಟ್ಟು ಬೈಕ್ ಹತ್ತಿದೆ.

ಆ ರೂಟರಿನ ಖಾಲಿ ಕಿಂಡಿಗೆ ಬೇಸಿಗೆಯಲ್ಲಿ ಸ್ವಿಚ್ ಮಾಡ್ಯೂಲ್ ಕೂರಿಸಿದವನು ನಾನೇ. ಹಲವು ಕೇಬಲ್ ಸಿಕ್ಕಿಸುವ ಕಾರ್ಡು ಅದು. ಅದರಲ್ಲಿ ಮೂರು ವಿಲ್ಯಾನ್ ಮಾಡಿದ್ದೆ. ಪೆಟ್ಟಿಗೆ ಒಂದೇ, ಒಳಗೆ ಜಾಲ ಮೂರು: ಲ್ಯಾಬು ಮತ್ತು ಡಾಕ್ಟರಿಗೊಂದು, ಔಷಧದ ಕೌಂಟರಿಗೊಂದು, ರೋಗಿಗಳ ಕಡೆಯವರ ಮೊಬೈಲಿಗೊಂದು. ರೂಟರಿಗೆ ಟೈಪ್ ಮಾಡಿದ ಸೂಚನೆ ಆ ಕ್ಷಣದಿಂದಲೇ ಕೆಲಸ ಮಾಡುತ್ತದೆ. ಆದರೆ ಕೊನೆಯಲ್ಲಿ ಸೇವ್ ಮಾಡದಿದ್ದರೆ, ಪೆಟ್ಟಿಗೆ ಆಫ್ ಆದ ಗಳಿಗೆಯಲ್ಲಿ ಎಲ್ಲ ಅಳಿಸಿಹೋಗುತ್ತದೆ. ಯುಪಿಎಸ್ ಇದ್ದುದರಿಂದ ಅದು ಅಲ್ಲಿಯವರೆಗೆ ಒಮ್ಮೆಯೂ ಆಫ್ ಆಗಿರಲಿಲ್ಲ.

ನಾನು ಸೇವ್ ಮಾಡಿದ್ದೆನೇ? ಮಡಂತ್ಯಾರಿನವರೆಗೂ ಅದೇ ಪ್ರಶ್ನೆ. ಕೆಲಸ ಮುಗಿಸಿ ಹೆಲ್ಮೆಟ್ ಹಾಕಿಕೊಂಡದ್ದು ನೆನಪಿದೆ, ಮನೆಗೆ ಮೀನು ಒಯ್ದದ್ದೂ ನೆನಪಿದೆ. ಆ ಹಾಳು ಸೇವ್ ಒಂದು ಮಾತ್ರ ನೆನಪಿಲ್ಲ!

ಆಸ್ಪತ್ರೆಯಲ್ಲಿ ರೂಟರಿನ ಮೇಲೆ ಗಂಧದ ಬೊಟ್ಟು, ಸುತ್ತ ಸೇವಂತಿಗೆ ಮಾಲೆ. ಲ್ಯಾಬಿನ ಹುಡುಗಿ ರಿಪೋರ್ಟುಗಳನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಪಕ್ಕದಲ್ಲಿ ಆಯಾ, ನನ್ನ ಅಕ್ಕನ ಪ್ರಾಯದವರು, ಸೆರಗಿನಿಂದ ಕಣ್ಣೊರೆಸುತ್ತಾ ನಿಂತಿದ್ದರು.

"ವರ್ಷವಿಡೀ ದುಡಿಯುವ ಮಿಷನ್ ಅಲ್ವಾ ಸರ್? ಪೂಜೆಯ ಹೊತ್ತಿಗೆ ಸ್ವಲ್ಪ ವಿಶ್ರಾಂತಿ ಕೊಡುವ ಅಂತ ಆಫ್ ಮಾಡಿದೆ. ಮನೆಯಲ್ಲಿ ಮಿಕ್ಸಿಗೂ ಹಾಗೇ ಮಾಡ್ತೇನೆ."

ಲ್ಯಾಪ್‌ಟಾಪ್ ಜೋಡಿಸಿದೆ. ಪಾಸ್‌ವರ್ಡ್ ಎರಡು ಸಲ ತಪ್ಪಿತು. ಕೊನೆಗೆ ಪರದೆಯಲ್ಲಿ ಕಂಡಿತು: ಕೊನೆಯ ಸಲ ಸೇವ್ ಮಾಡಿದ ದಿನ ಮಾಡ್ಯೂಲ್ ಹಾಕುವ ಮೊದಲಿನದು. ನನ್ನ ಮೂರೂ ವಿಲ್ಯಾನ್ ಮಾಯ. ತಪ್ಪು ನನ್ನದೇ.

ಅದು ಆ ಕೋಣೆಯಲ್ಲಿ ಓದಲು ಬರುತ್ತಿದ್ದದ್ದು ನನಗೊಬ್ಬನಿಗೆ. ಸುಮ್ಮನಿದ್ದರೆ ಸಾಕಿತ್ತು. ಮೂಡುಬಿದಿರೆಯ ಶಾಲೆಯೊಂದರ ದೊಡ್ಡ ಕೆಲಸ ಈ ಮ್ಯಾನೇಜರರ ಬಾಯಿಮಾತಿನಿಂದಲೇ ನನಗೆ ಸಿಗಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೂರನ್ನೂ ಮತ್ತೆ ಟೈಪ್ ಮಾಡಿ ಮುಗಿಸುವವರೆಗೂ ನಾನು ತುಟಿ ಬಿಚ್ಚಲಿಲ್ಲ.

ಮೇಲಿನಿಂದ ಡಾಕ್ಟರು ರಿಪೋರ್ಟ್ ಬಂತೆಂದು ಕೂಗಿದರು. ಮ್ಯಾನೇಜರು ಆಯಾ ಅವರ ಕಡೆ ತಿರುಗಿದರು. "ನೋಡಿದ್ಯಾ ನಿನ್ನ ಪೂಜೆಯ ಫಲ? ನಾಳೆಯಿಂದ ಬರುವುದು ಬೇಡ."

ಆಯಾ ರೂಟರಿನ ಮಾಲೆ ತೆಗೆಯತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಅವರದ್ದು ತಪ್ಪಲ್ಲ. ಆಫ್ ಮಾಡಿದ್ರೆ ಹಾಳಾಗುವ ಮಿಷನ್ ಅಲ್ಲ ಇದು. ನಾನು ಸೇವ್ ಮಾಡ್ಲಿಕ್ಕೆ ಮರೆತದ್ದು."

ಮ್ಯಾನೇಜರು ನನ್ನನ್ನೇ ದಿಟ್ಟಿಸಿದರು. "ಇದನ್ನು ಬಂದ ಕೂಡ್ಲೇ ಹೇಳ್ಲಿಕ್ಕೆ ಏನಾಗಿತ್ತು ನಿಮಗೆ?"

ತಲೆ ತಗ್ಗಿಸಿ, ಅವರೆದುರೇ ಸೇವ್ ಮಾಡಿದೆ. ಆಯಾ ಅವರ ಕೆಲಸ ಉಳಿಯಿತು. ಆಸ್ಪತ್ರೆಯವರು ನನಗೆ ಕೆಲಸ ಕೊಡುವುದನ್ನು ಬಿಡಲಿಲ್ಲ, ಆದರೆ ಮೂಡುಬಿದಿರೆಯ ಶಾಲೆಯಿಂದ ಫೋನ್ ಬರಲೇ ಇಲ್ಲ.

ಮುಂದಿನ ವರ್ಷ ಆಯುಧಪೂಜೆಯ ಬೆಳಿಗ್ಗೆ ಆಯಾ ಅವರೇ ಫೋನ್ ಮಾಡಿದರು.

"ಸರ್, ಆಫ್ ಮಾಡ್ಬಹುದಾ? ಸೇವ್ ಮಾಡಿದ್ದುಂಟಲ್ಲ?"

"ಉಂಟು ಅಕ್ಕ, ಧೈರ್ಯವಾಗಿ ಆಫ್ ಮಾಡಿ," ಎಂದು ಜೋರಾಗಿ ಹೇಳಿ ಫೋನ್ ಇಟ್ಟೆ. ಎರಡು ನಿಮಿಷ ಕೂತೆ. ಆಮೇಲೆ ಬೈಕ್ ತೆಗೆದು ಬೆಳ್ತಂಗಡಿಗೆ ಹೊರಟೆ.

ಅವರು ಮಾಲೆ ಹಿಡಿದು ರೂಟರಿನ ಮುಂದೆಯೇ ನಿಂತಿದ್ದರು. ಅದರ ಹಸಿರು ದೀಪಗಳು ಇನ್ನೂ ಉರಿಯುತ್ತಿದ್ದವು.

"ನೀವು ಬರ್ತೀರಿ ಅಂತ ಗೊತ್ತಿತ್ತು," ಎಂದರು. "ಅದಕ್ಕೇ ಆಫ್ ಮಾಡ್ಲಿಲ್ಲ."