ಮೂಲೆ ಮುರಿದ ಬೋರ್ಡು, ಸುಮ್ಮನಿರದ ಬೆರಳು

ಮುಖದ ಮೊಡವೆಯಾಗಲಿ, ಗೋಡೆಯ ಬಿರುಕಾಗಲಿ, ಫೋಟೋದಲ್ಲಿ ಏನಾದರೂ ಊನ ಕಂಡರೆ ಅದನ್ನು ಒರೆಸಿ ಹಾಕುವ ತನಕ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾಗ ಜೊತೆಯವರು ಪಾಲಿಶಕ್ಕ ಎಂದು ಹೆಸರಿಟ್ಟರು. ಮಗಳು ಹುಟ್ಟಿದ ಮೇಲೆ ಆ ಕೆಲಸ ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಹಳೆಯ ಫೋಟೋಗಳನ್ನು ಸರಿಮಾಡುವ ಅಂಗಡಿ ತೆರೆದಳು. ಹೆಸರು ಮಾತ್ರ ಬೆನ್ನು ಬಿಡಲಿಲ್ಲ.

ಮೊದಲ ದೊಡ್ಡ ಕೆಲಸ ತಂದವರು ನಿವೃತ್ತ ಡ್ರಿಲ್ ಮೇಷ್ಟ್ರು. ಶಾಲೆಯ ಹಳೆಯ ಗ್ರೂಪ್ ಫೋಟೋ. ತೇವ ಹಿಡಿದು ಹಾಳಾಗಿ, ಅರ್ಧ ಮಕ್ಕಳ ಮುಖ ಹೇಗಿತ್ತೆಂದೇ ತಿಳಿಯುತ್ತಿರಲಿಲ್ಲ. ಆ ಮಕ್ಕಳೆಲ್ಲ ಈಗ ತಲೆ ನರೆತವರು. ಮುಂದಿನ ವಾರದ ಭಾನುವಾರ ಶಾಲೆಯಲ್ಲಿ ಒಟ್ಟಿಗೆ ಸೇರುವವರಿದ್ದರು.

"ಭಾನುವಾರ ಇದು ಗೋಡೆ ಮೇಲಿರ್ಬೇಕು ಕಣಮ್ಮ. ಎಲ್ರೂ ತಮ್ ತಮ್ ಮುಖ ಹುಡುಕ್ತಾರೆ. ಸಿಗ್ಲಿಲ್ಲ ಅಂದ್ರೆ ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸ್ತಾರೆ," ಎಂದರು ಮೇಷ್ಟ್ರು.

"ಆಗುತ್ತೆ ಬಿಡಿ ಮೇಷ್ಟ್ರೇ," ಎಂದು ಧೈರ್ಯ ಹೇಳಿದ ಸಂಜೆಯೇ ಕಂಪ್ಯೂಟರ್ ಟುಸ್ಸೆಂದು ಆರಿಹೋಯಿತು. ರಿಪೇರಿಯವನು ಬಿಚ್ಚಿ ನೋಡಿ, ಮದರ್‌ಬೋರ್ಡ್ ಹೋಗಿದೆ, ಹೊಸದು ತರಿಸಿ ಎಂದ. ಕೂಡಿಟ್ಟಿದ್ದನ್ನೆಲ್ಲ ಬಳಿದು ತರಿಸಿದಳು. ಗೋಡೆಗೆ ಹಾಕುವಷ್ಟು ದೊಡ್ಡ ಚಿತ್ರ ಫೋನಿನಲ್ಲಿ ಮಾಡುವಂಥದ್ದಲ್ಲವಲ್ಲ.

ಡಬ್ಬಿ ಬಂತು. ಅದರ ಒಂದು ಮೂಲೆ, ಮೇಲೆ ಯಾರೋ ಕೂತೆದ್ದ ಹಾಗೆ ಜಜ್ಜಿತ್ತು. ತೆರೆದರೆ ಒಳಗಿದ್ದ ಬೋರ್ಡಿನ ಮೂಲೆ ಬಿಸ್ಕತ್ತಿನಂತೆ ಮುರಿದಿತ್ತು.

ಕಂಪನಿಗೆ ಫೋನ್ ಮಾಡಿದಳು. "ಮುರಿದಿರೋದಕ್ಕೆ ವಾರಂಟಿ ಬರಲ್ಲ ಮೇಡಂ. ಕೊರಿಯರ್‌ನವರನ್ನ ಕೇಳಿ," ಎಂದಿತು ಒಂದು ಹುಡುಗಿಯ ದನಿ. ಕೊರಿಯರ್‌ನವನನ್ನು ಕೇಳಿದರೆ, "ನಾವು ಹೊತ್ಕೊಂಡು ಬರೋರು ಅಷ್ಟೇ ಅಕ್ಕ. ಕಂಪನೀನೇ ಕೇಳ್ಬೇಕು," ಎಂದ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಮೊಮ್ಮಗಳಿಗೆ ಅನ್ನ ತಿನ್ನಿಸುತ್ತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡು, "ಅವರಿಬ್ರೂ ಆಡ್ತಿದಾರೆ, ನೀನು ಚೆಂಡು," ಎಂದರು.

ಕಡೆಗೆ ಕಂಪನಿಯ ಹುಡುಗಿಯೇ ಮೆತ್ತಗಾಗಿ, "ಡಬ್ಬೀದು, ಬೋರ್ಡಿಂದು ಫೋಟೋ ಕಳಿಸಿ. ದಾರೀಲೇ ಮುರಿದಿದ್ರೆ ಬದಲಾಯಿಸಿ ಕೊಡ್ತೀವಿ," ಎಂದಳು.

ಫೋಟೋ! ಪಾಲಿಶಕ್ಕನಿಗೆ ನಗು ಬಂತು. ತನ್ನ ಬಳಿ ಬೇರೇನು ಕೇಳಿದ್ದರೂ ಕಷ್ಟವಿತ್ತು, ಫೋಟೋ ಕೇಳಿದ್ದಾರಲ್ಲ! ಡಬ್ಬಿಯ ಪಕ್ಕ ಬೋರ್ಡ್ ಇಟ್ಟು ಫೋಟೋ ತೆಗೆದಳು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ತಟ್ಟುತ್ತ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಕಳಿಸಿಯೂಬಿಟ್ಟಳು.

ಮರುದಿನ ಉತ್ತರ ಬಂತು: "ನಿಮ್ಮ ಫೋಟೋದಲ್ಲಿ ಡಬ್ಬಿ ಮತ್ತು ಬೋರ್ಡ್ ಎರಡೂ ಸುಸ್ಥಿತಿಯಲ್ಲಿವೆ."

ಇದೇನು ಕಥೆ ಎಂದು ಫೋನ್ ತೆಗೆದು ತಾನು ಕಳಿಸಿದ ಫೋಟೋ ನೋಡಿದಳು. ಮನಸ್ಸೆಲ್ಲ ಮಗಳನ್ನು ಮಲಗಿಸುವುದರಲ್ಲಿದ್ದಾಗ ಬೆರಳುಗಳು ತಮ್ಮ ಕೆಲಸ ಮುಗಿಸಿದ್ದವು. ಡಬ್ಬಿಯ ಮೂಲೆ ನೆಟ್ಟಗಾಗಿತ್ತು. ಬೋರ್ಡಿನ ಮೂಲೆ ಕೂಡಿಕೊಂಡಿತ್ತು. ಹಿಂದಿನ ಗೋಡೆಯ ಎಣ್ಣೆ ಕಲೆಯೂ ಮಾಯ. ಸಾಲದ್ದಕ್ಕೆ ಮೂಲ ಫೋಟೋದ ಮೇಲೆಯೇ ಇದನ್ನು ಉಳಿಸಿ, ಮೂಲವನ್ನೇ ಅಳಿಸಿಹಾಕಿದ್ದಳು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಎಷ್ಟು ಲಕ್ಷಣವಾಗಿದೆಯಲ್ಲೇ! ಇದನ್ನೇ ಕಂಪ್ಯೂಟರ್‌ಗೆ ಹಾಕ್ಬಾರ್ದಾ?"

"ಅತ್ತೇ, ನಗ್ಬೇಡಿ, ನಂಗೆ ಅಳು ಬರ್ತಿದೆ," ಎಂದವಳೇ ಅತ್ತೆಗಿಂತ ಜೋರಾಗಿ ನಕ್ಕಳು. ಏನೆಂದು ತಿಳಿಯದ ಮಗಳೂ ಚಪ್ಪಾಳೆ ತಟ್ಟಿದಳು.

ಇನ್ನೊಂದು ಫೋಟೋ ತೆಗೆದು, ಬೆರಳನ್ನು ಬಿಗಿಹಿಡಿದು, ಹಾಗೆಯೇ ಕಳಿಸಿದಳು. ಕಂಪನಿಯ ಹುಡುಗಿ ತಾನೇ ಫೋನ್ ಮಾಡಿದಳು.

"ಮೇಡಂ, ನಿನ್ನೆ ಸರಿ ಇದ್ದಿದ್ದು ಇವತ್ತು ಮುರಿದಿದೆ. ಅಂದ್ರೆ ನೀವೇ ಬೀಳಿಸಿದೀರಿ."

"ಇಲ್ಲಮ್ಮ. ನಿನ್ನೇದನ್ನ ನಾನೇ ತಿದ್ದಿಬಿಟ್ಟಿದ್ದೆ."

"ಯಾಕೆ?"

"ನೋಡೋಕೆ ಚೆನ್ನಾಗಿರ್ಲಿಲ್ಲ."

ಆ ಕಡೆಯ ದನಿ ನಿಧಾನಕ್ಕೆ ಕೇಳಿತು. "ಮುರಿದಿದ್ದನ್ನ ಸರಿಮಾಡೋಕೆ ಬರೋರಿಗೆ, ಸರಿ ಇರೋದನ್ನ ಮುರಿದ ಹಾಗೆ ತೋರಿಸೋಕೂ ಬರುತ್ತಲ್ವಾ ಮೇಡಂ?"

"ಬರದೆ ಏನು! ಬೇಕಿದ್ರೆ ನಿಮ್ಮ ಆಫೀಸ್ ಬಿಲ್ಡಿಂಗನ್ನೇ ಮುರಿದು ಕಳಿಸ್ತೀನಿ. ನನ್ನ ಫೋಟೋ ನಂಬಬೇಡಿ ತಾಯಿ, ಯಾರಾದ್ರೂ ಬಂದು ಕಣ್ಣಾರೆ ನೋಡ್ಲಿ."

ಆ ಹುಡುಗಿ ತಡೆಯಲಾರದೆ ಕಿಸಕ್ಕೆಂದು ನಕ್ಕಳು. ಅವಳ ನಗುವೇ ಕೆಲಸ ಮಾಡಿರಬೇಕು. ಗುರುವಾರ ಕಂಪನಿಯ ತಪಾಸಣೆಯವರು ಮನೆಗೇ ಬಂದರು.

ಬೋಳು ತಲೆಯ, ಬಿಗಿದ ತುಟಿಯ ಮನುಷ್ಯ. ಕೊಟ್ಟ ನೀರನ್ನೂ ಸಂಶಯದಿಂದಲೇ ಕುಡಿದರು. "ಕೈ ತಾನಾಗೇ ತಿದ್ದಿಬಿಡುತ್ತೆ ಅಂತೀರಿ. ಎಲ್ಲಿ, ನನ್ನೆದುರಿಗೆ ಮಾಡಿ," ಎಂದು ಮುರಿದ ಬೋರ್ಡನ್ನು ಎದೆಯ ಮುಂದೆ ಹಿಡಿದು ನಿಂತರು. ಪಾಲಿಶಕ್ಕ ಫೋಟೋ ತೆಗೆದು ತಲೆ ಬಗ್ಗಿಸಿದಳು. ಒಮ್ಮೆ ಕೆಲಸಕ್ಕೆ ಇಳಿದರೆ ಅವಳಿಗೆ ಲೋಕದ ಪರಿವೆಯೇ ಇರುವುದಿಲ್ಲ. ಮುಗಿಸಿ ಫೋನ್ ಕೊಟ್ಟಳು.

ಬೋರ್ಡ್ ಹೊಸದರಂತಾಗಿತ್ತು. ಅದನ್ನು ಹಿಡಿದವರ ತಲೆಯ ಮೇಲೆ ಒತ್ತಾದ ಕಪ್ಪು ಕೂದಲು ಬಂದಿತ್ತು.

"ಅಯ್ಯೋ!" ಎಂದು ನಾಲಿಗೆ ಕಚ್ಚಿಕೊಂಡಳು. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದರು.

ತಪಾಸಣೆಯವರು ಫೋಟೋವನ್ನೇ ನೋಡುತ್ತ ನಿಂತರು. ಬಿಗಿದ ತುಟಿ ಸಡಿಲವಾಯಿತು. ಗಂಟಲು ಸರಿಮಾಡಿಕೊಂಡು, "ಇದನ್ನ... ನನ್ನ ನಂಬರ್‌ಗೂ ಕಳಿಸ್ತೀರಾ?" ಎಂದರು. ಆಮೇಲೆ ಬೋರ್ಡನ್ನು ಡಬ್ಬಿಯೊಳಗೆ ಇದ್ದಂತೆಯೇ ಕೂರಿಸಿ ನೋಡಿದರು. ಡಬ್ಬಿಯ ಜಜ್ಜಿದ ಮೂಲೆಗೇ ಬೋರ್ಡಿನ ಮುರಿದ ಮೂಲೆ ಬಂತು. "ದಾರೀಲೇ ಬಿದ್ದಿರೋದು. ಬರೆದು ಹಾಕ್ತೀನಿ. ಬೇರೇದು ಬರುತ್ತೆ."

ಶುಕ್ರವಾರ ಹೊಸ ಬೋರ್ಡ್ ಬಂತು. ಕಂಪ್ಯೂಟರ್ ಗುಂಯ್ ಎಂದಾಗ ಅತ್ತೆ ಸೊಸೆ ಕೈಕೈ ಹಿಡಿದು ಕುಣಿದರು. ಶನಿವಾರವೆಲ್ಲ ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಓಣಿ ಸುತ್ತಿದರು. ಒಳಗೆ ಮುಖಗಳು ಒಂದೊಂದಾಗಿ ಕಣ್ಣು ಬಿಟ್ಟವು.

ಭಾನುವಾರ ಶಾಲೆಯ ಗೋಡೆಯ ಮುಂದೆ ನರೆತ ತಲೆಗಳ ನೂಕುನುಗ್ಗಲು. ಮೇಷ್ಟ್ರು ಸೀಟಿ ಊದಿದರೂ ಕೇಳುವವರಿಲ್ಲ. ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಪಾಲಿಶಕ್ಕ ಹಿಂದೆ ನಿಂತಿದ್ದಳು. ಮುಂದಿನ ಸಾಲಿನ ಹೆಂಗಸೊಬ್ಬರು ಎರಡು ಜಡೆಯ ಹುಡುಗಿಯೊಬ್ಬಳ ಮೇಲೆ ಬೆರಳಿಟ್ಟು, "ಇದು ನಾನೇ ಕಣೇ! ಇಷ್ಟು ಚೆನ್ನಾಗಿದ್ನಾ?" ಎಂದು ಕೂಗಿದರು.

"ಇರ್ಲಿಲ್ಲ ಬಿಡೇ," ಎಂದರು ಪಕ್ಕದಲ್ಲಿದ್ದ ಗೆಳತಿ. "ಈಗ ಸ್ವಲ್ಪ ಆ ಕಡೆ ಸರಿ. ನನ್ನ ಮುಖ ಹುಡುಕ್ಬೇಕು."