ಮುಚ್ಚಳಕ್ಕೆ ಅಂಟಿಸಿದ ಹಸಿರು ಪಟ್ಟಿ

ಆಸ್ಪತ್ರೆಯ ಅಡಿಗೆಮನೆಯಲ್ಲಿ ಅವಳನ್ನು ಎಲ್ಲರೂ ಮಿಕ್ಸಿಯಮ್ಮ ಎಂದೇ ಕರೆಯುತ್ತಿದ್ದರು. ಅಗಿಯಲಾರದ ರೋಗಿಗಳ ಊಟವನ್ನು ಅರೆದುಕೊಡುವ ಕೆಲಸದಲ್ಲಿ ಹತ್ತೊಂಬತ್ತು ವರ್ಷ ಸವೆಸಿದವಳು. ಬೇಯಿಸಿದ್ದನ್ನು ಅರೆಯಬೇಕು, ಜರಡಿಯಲ್ಲಿ ಸೋಸಬೇಕು, ಸ್ಟ್ರಾದಲ್ಲಿ ಏರುವಷ್ಟು ತೆಳ್ಳಗೆ ಮಾಡಬೇಕು. ಪ್ರತಿ ಪಾತ್ರೆಯಿಂದಲೂ ಒಂದು ಗುಟುಕನ್ನು ತಾನೇ ಸ್ಟ್ರಾದಲ್ಲಿ ಹೀರಿ ನೋಡದೆ ಅವಳು ಯಾವುದನ್ನೂ ಮೇಲಕ್ಕೆ ಕಳಿಸಿದವಳಲ್ಲ. ಕೈಗೆ ಅಭ್ಯಾಸ ಎಷ್ಟು ಅಂಟಿತ್ತೆಂದರೆ ಮನೆಯ ಸಾರೂ ನುಣ್ಣಗೇ ಆಗುತ್ತಿತ್ತು. "ನನಗಿನ್ನೂ ಹಲ್ಲಿದೆ ಕಣೇ, ಅಗಿಯೋಕೆ ಏನಾದ್ರೂ ಉಳಿಸು" ಎಂದು ಗಂಡ ದಿನಾ ಗೊಣಗುತ್ತಿದ್ದ.

ತಿನ್ನುವ ವಿಷಯದಲ್ಲಿ ಅವಳಿಗೆ ಯಾವ ಮಡಿಯೂ ಇರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಅದು ಬೇಡ, ಇದು ಮುಟ್ಟಬೇಡ, ಇವತ್ತು ಕೂಡದು ಎಂದು ಪ್ರಾಣ ತಿಂದಿದ್ದರು. ಮದುವೆಯಾಗಿ ಬಂದ ಮೊದಲ ವಾರವೇ ಬೇಡವೆಂದಿದ್ದನ್ನೆಲ್ಲ ಒಂದೊಂದಾಗಿ ತಿಂದು ನೋಡಿದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಅಂದಿನಿಂದ ಅವಳ ಪಾಲಿಗೆ ಆ ಲೆಕ್ಕ ಮುಗಿದುಹೋಗಿತ್ತು.

ಹೀಗಿರುವಾಗ ಮೂರನೆಯ ಮಹಡಿಗೆ ಒಬ್ಬ ಲಾರಿ ಡ್ರೈವರ್ ಬಂದ. ಅಪಘಾತದಲ್ಲಿ ದವಡೆ ಮುರಿದು, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದರು. ಆರು ವಾರ ಬಾಯಿ ತೆರೆಯುವಂತಿಲ್ಲ, ಮಾತಿಲ್ಲ. ಹೇಳಬೇಕಾದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದ. ಬಂದ ಎರಡು ದಿನವೂ ಅವನ ಲೋಟಗಳು ತುಂಬಿದಂತೆಯೇ ಕೆಳಗಿಳಿದವು. ತಾನು ಅರೆದದ್ದು ವಾಪಸು ಬಂದರೆ ಮಿಕ್ಸಿಯಮ್ಮನಿಗೆ ಮೈಯೆಲ್ಲ ಉರಿ. ಏಪ್ರನ್ನಿಗೆ ಕೈ ಒರೆಸಿಕೊಂಡು ಸೀದಾ ಮೇಲಕ್ಕೆ ಹತ್ತಿದಳು.

"ಏನಪ್ಪಾ, ನನ್ನ ಅಡಿಗೆ ಮೇಲೆ ಏನು ಸಿಟ್ಟು?"

ಅವನು ಬರೆದ: "ಸಿಟ್ಟಿಲ್ಲ ಅಕ್ಕ. ನಾವು ಮಾಂಸ ತಿನ್ನೋದಿಲ್ಲ. ಮಾಂಸ ಮುಟ್ಟಿದ ಪಾತ್ರೆಲಿ ಮಾಡಿದ್ದೂ ಆಗೋದಿಲ್ಲ. ಅರೆದ ಮೇಲೆ ಎಲ್ಲಾ ಒಂದೇ ಥರ ಕಾಣುತ್ತೆ. ಯಾವುದರಲ್ಲಿ ಏನಿದೆ ಅಂತ ಹೇಗೆ ತಿಳಿಯಲಿ?"

ಅವಳಿಗೆ ನಗುವೂ ಬಂತು, ಅಯ್ಯೋ ಅನ್ನಿಸಿತೂ ಕೂಡ. ಗಲ್ಲದ ಮೂಳೆ ಎದ್ದು ಕಾಣುತ್ತಿದ್ದ ಆಳು, ಹಸಿವಿಗೆ ಕಣ್ಣು ಒಳಕ್ಕೆ ಹೋಗಿತ್ತು. "ನಿನಗೇ ಅಂತ ಬೇರೆ ಮಿಕ್ಸಿ ಜಾರು ಇಡ್ತೀನಿ. ಮಾಂಸ ಅದರ ಹತ್ರಾನೂ ಸುಳಿಯಲ್ಲ, ನಾನು ಮಾತು ಕೊಡ್ತೀನಿ" ಎಂದಳು. ಅವನು ಅವಳ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿ, ಮಧ್ಯಾಹ್ನದ ಲೋಟವನ್ನು ಪೂರ್ತಿ ಹೀರಿದ. ವಾರ ಕಳೆಯುವುದರೊಳಗೆ ತೂಕ ಒಂದು ಕಿಲೋ ಏರಿತು.

ಅಡಿಗೆಮನೆಯಲ್ಲಿದ್ದದ್ದು ಒಂದೇ ಅಚ್ಚಿನ ಎರಡು ಜಾರು. ಜಾರುಗಳನ್ನು ತೊಳೆಯುವ ಯಂತ್ರದ ಕುದಿನೀರಿಗೆ ಬಣ್ಣದ ಪಟ್ಟಿ ಕಿತ್ತುಬರುತ್ತದೆಂದು, ಕೈಯಲ್ಲಿ ತೊಳೆಯುವ ಮುಚ್ಚಳಕ್ಕೆ ಅವಳು ಪಟ್ಟಿ ಅಂಟಿಸಿದ್ದಳು. ಡ್ರೈವರಿನದಕ್ಕೆ ಹಸಿರು, ಮಾಂಸ ಅರೆಯುವುದಕ್ಕೆ ಕೆಂಪು. ತನ್ನ ಬುದ್ಧಿವಂತಿಕೆಗೆ ತಾನೇ ಬೆನ್ನು ತಟ್ಟಿಕೊಂಡಿದ್ದಳು.

ಒಂಬತ್ತನೆಯ ದಿನ ಬೆಳಿಗ್ಗೆ ಕುಂಬಳಕಾಯಿ ಅರೆದು ಜಾರು ಬಗ್ಗಿಸುವಾಗ ಹಿಡಿಯಲ್ಲಿದ್ದ ಬಿರುಕು ಬೆರಳಿಗೆ ತಾಕಿತು. ಆ ಬಿರುಕು ಮಾಂಸದ ಜಾರಿನದು. ಹೋದ ವರ್ಷ ಅವಳೇ ಕೆಡವಿದ್ದಳು. ಮೇಲಿದ್ದದ್ದು ಮಾತ್ರ ಹಸಿರು ಪಟ್ಟಿಯ ಮುಚ್ಚಳ. ತೊಳೆಯುವ ಕಡೆ ಮುಚ್ಚಳಗಳು ಅದಲುಬದಲಾಗಿದ್ದವು, ಎಷ್ಟು ದಿನದಿಂದಲೋ ದೇವರೇ ಬಲ್ಲ. ಜಾರಿಗಿಡಬೇಕಾದ ಗುರುತನ್ನು ಮುಚ್ಚಳಕ್ಕಿಟ್ಟ ಮಹಾ ಜಾಣೆ ತಾನೇ ಎಂದು ಹಣೆ ಚಚ್ಚಿಕೊಂಡಳು.

ಅಡಿಗೆಮನೆಯ ಸೂಪರ್‌ವೈಸರ್ ವಿಷಯ ಕೇಳಿ ಬಾಗಿಲು ಮುಂದಕ್ಕೆಳೆದ. ಕೆಟ್ಟವನೇನಲ್ಲ, ರಗಳೆ ಕಂಡರಾಗದ ಮನುಷ್ಯ.

"ಕುದಿನೀರಲ್ಲಿ ತೊಳೆದ ಜಾರು ತಾನೇ? ಅದರಲ್ಲಿ ಏನು ಉಳಿದಿರುತ್ತೆ? ಯಾವ ದೇವರು ಮೈಕ್ರೋಸ್ಕೋಪ್ ಹಿಡ್ಕೊಂಡು ಕೂತಿದ್ದಾನೆ ಅಮ್ಮ? ಇವತ್ತಿಂದ ಸರಿಯಾಗಿ ಮಾಡಿ, ಬಾಯಿ ಮುಚ್ಕೊಂಡಿರಿ. ಹೇಳಿದ್ರೆ ಅವನು ಮತ್ತೆ ಕುಡಿಯೋದು ಬಿಡ್ತಾನೆ. ಆಮೇಲೆ ಮೂಗಿಗೆ ನಳಿಗೆ ಹಾಕಬೇಕಾಗುತ್ತೆ."

ಅವನ ಮಾತಿನಲ್ಲಿ ಒಂದಕ್ಷರವನ್ನೂ ತೆಗೆದುಹಾಕುವಂತಿರಲಿಲ್ಲ. ಅವಳೂ ನಂಬಿದ್ದು ಅದನ್ನೇ. ಆದರೂ ಮಧ್ಯಾಹ್ನದ ಲೋಟವನ್ನು ಬೇರೆಯವರ ಕೈಯಲ್ಲಿ ಕಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ತಾನೇ ಒಯ್ದು, ಮಂಚದ ಪಕ್ಕ ನಿಂತು, ಎಲ್ಲವನ್ನೂ ಹೇಳಿಬಿಟ್ಟಳು. "ನನ್ನಿಂದ ತಪ್ಪಾಯ್ತಪ್ಪ. ಬೇಕಂತ ಮಾಡಿದ್ದಲ್ಲ."

ಡ್ರೈವರ್ ಗೋಡೆಯ ಕಡೆಗೆ ಹೊರಳಿ ಮಲಗಿದ. ಅಂದು ಮಧ್ಯಾಹ್ನದ ಲೋಟವೂ ತುಂಬಿಯೇ ಇಳಿಯಿತು, ಸಂಜೆಯದೂ ಇಳಿಯಿತು. ನಾಳೆ ಬೆಳಿಗ್ಗೆಯೂ ಕುಡಿಯದಿದ್ದರೆ ನಳಿಗೆ ಹಾಕುವುದೇ ಸೈ ಎಂದರು ಡಾಕ್ಟರು. ಸೂಪರ್‌ವೈಸರ್ ಅವಳ ಕಡೆ ನೋಡಿದ ನೋಟಕ್ಕೆ ಅರ್ಥ ಹೇಳಬೇಕಾಗಿರಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ನಡೆದದ್ದನ್ನೆಲ್ಲ ಹೇಳಿದಳು. ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಸಂಗತಿ ಕೇಳಿ ತಟ್ಟೆ ಪಕ್ಕಕ್ಕೆ ಸರಿಸಿದಳು. "ಫ್ರಿಜ್ ಇಲ್ಲದ ಕಾಲದಲ್ಲಿ ಮಾಡಿದ ನಿಯಮ ಅಮ್ಮ ಅವೆಲ್ಲ. ಕೆಟ್ಟ ಮಾಂಸ ತಿಂದು ಜನ ಸಾಯಬಾರದು ಅಂತ ಮಾಡಿದ್ರು. ಈಗ ಅದಕ್ಕೇನು ಅರ್ಥ?"

"ಇರಬಹುದು ಕಣೇ, ನಾನೇನು ಓದಿದವಳಾ. ಆದ್ರೆ ಹೊಟ್ಟೆ ಅವನದು. ಆ ಹೊಟ್ಟೆಗೆ ಏನು ಹೋಗ್ತಿದೆ ಅಂತ ಅವನಿಗೆ ಕಾಣಲ್ಲ. ಕಾಣದೆ ಇರೋನಿಗೆ ನಾನು ಮೋಸ ಮಾಡಿದ ಹಾಗಾಯ್ತಲ್ಲ."

ಮಗಳು ಸರಿಸಿಟ್ಟ ತಟ್ಟೆಯನ್ನು ಮತ್ತೆ ಎಳೆದುಕೊಳ್ಳುತ್ತ, "ಹಾಗಾದ್ರೆ ಕಾಣೋ ಹಾಗೆ ಮಾಡು" ಎಂದಳು.

ಮರುದಿನ ಬೆಳಿಗ್ಗೆ ಮೂರನೆಯ ಮಹಡಿಯವರು ಹಿಂದೆಂದೂ ಕಾಣದ ಮೆರವಣಿಗೆ ಕಂಡರು. ಔಷಧಿ ಸಾಗಿಸುವ ಗಾಡಿಯ ಮೇಲೆ ಹದಿನಾಲ್ಕು ಕಿಲೋ ತೂಗುವ ಮಿಕ್ಸಿ, ಡಬ್ಬಿ ಒಡೆಯದ ಹೊಸ ಜಾರು, ಮುಚ್ಚಿದ ಪಾತ್ರೆಯಲ್ಲಿ ಬೆಂದ ಬೇಳೆ, ಕುಂಬಳಕಾಯಿ. ಗಾಡಿ ತಳ್ಳುತ್ತ ಬಂದ ಮಿಕ್ಸಿಯಮ್ಮನಿಗೆ ಏದುಸಿರು. ನರ್ಸಮ್ಮ ಅಡ್ಡ ಬಂದರೆ ಅವಳನ್ನೂ ಸುತ್ತಿಕೊಂಡು ಮುಂದೆ ಹೋದಳು. ಡ್ರೈವರಿನ ಮಂಚದ ಎದುರು ಗಾಡಿ ನಿಲ್ಲಿಸಿ, ಅವನ ಕಣ್ಣ ಮುಂದೆಯೇ ಜಾರಿನ ಡಬ್ಬಿ ಒಡೆದಳು.

"ನೋಡಪ್ಪ, ಇದು ಇವತ್ತು ಅಂಗಡಿಯಿಂದ ತಂದಿದ್ದು. ಈ ಸಲ ಜಾರಿನ ತಳದಲ್ಲೇ ಮೊಳೆಯಲ್ಲಿ ಗೀಚಿ ಗುರುತು ಹಾಕ್ತೀನಿ, ಅಳಿಸೋ ಹಾಗಿಲ್ಲ. ನೀನು ಇಲ್ಲಿರೋವರೆಗೂ ಮೂರು ಹೊತ್ತೂ ನಿನ್ನ ಎದುರಿಗೇ ಅರೀತೀನಿ. ನನ್ನ ಮಾತು ನಂಬಬೇಡ, ನಿನ್ನ ಕಣ್ಣು ನಂಬು."

ಡ್ರೈವರ್ ಎದ್ದು ಕೂತ. ಅವಳು ಪ್ಲಗ್ ಹುಡುಕಿ, ಗೋಡೆಗೆ ಚುಚ್ಚಿ, ಬೇಳೆ ಸುರಿದು, ಗುಂಡಿಯ ಮೇಲೆ ಕೈಯಿಟ್ಟಳು. ಅವನು ಅಂಗೈ ಎತ್ತಿ ತಡೆದು, ಪುಸ್ತಕ ಎಳೆದುಕೊಂಡು ಬರೆಯತೊಡಗಿದ.

"ನಿನ್ನೆ ರಾತ್ರಿ ನಮ್ಮ ಗುರುಗಳನ್ನ ಫೋನಲ್ಲಿ ಬರೆದು ಕೇಳಿದೆ ಅಕ್ಕ. ತಿಳಿಯದೆ ಆಗಿದ್ದರಿಂದ ದೋಷ ಇಲ್ಲ ಅಂದ್ರು. ನೀವು ಬಾಯಿ ಬಿಡದೆ ಇದ್ದಿದ್ರೆ ಈ ಜನ್ಮದಲ್ಲಿ ನನಗೆ ತಿಳೀತಿರಲಿಲ್ಲ. ನನ್ನಮ್ಮ ಮಾಡಿದ್ದನ್ನೂ ನಾನು ಎದುರಿಗೆ ಕೂತು ನೋಡಿ ತಿಂದವನಲ್ಲ. ಆಚೆ ಮಂಚದ ಅಜ್ಜ ಈಗ ತಾನೇ ನಿದ್ದೆ ಹೋಗಿದ್ದಾರೆ, ಈ ಯಂತ್ರ ತಿರುಗಿದ್ರೆ ಎದ್ದು ಕೂರ್ತಾರೆ. ಕೆಳಗೇ ಅರೆದು ಕಳಿಸಿ. ಸ್ವಲ್ಪ ಬೇಗ, ಹಸಿವಾಗ್ತಿದೆ."