ಸವತಿ ಬಿಲ್ಲೆ ಕಟ್ಟಿ ತೆಗೆಸಹೊರಟ ಫೋಟೋ

ಎರಡನೇ ಸಂಬಂಧ ಎಂದು ಗೊತ್ತಿದ್ದೇ ಅಪ್ಪ ಒಪ್ಪಿದ್ದರು. ಕೆಂಗೇರಿ ಕಡೆಯ ಜಮೀನುದಾರರ ಮನೆ. ಗಂಡಿನ ಮೊದಲ ಹೆಂಡತಿ ಬಾಣಂತನದಲ್ಲಿ ತೀರಿಕೊಂಡಿದ್ದಳಂತೆ. ಐವತ್ತರ ದಶಕದಲ್ಲಿ ನಾಯಂಡಹಳ್ಳಿಯ ನಮ್ಮಂಥವರಿಗೆ ಅಂಥ ಮನೆಯಿಂದ ತಾನಾಗಿ ಕೇಳಿಕೊಂಡು ಬಂದರೆ ಅದು ದೇವರ ಕೃಪೆಯೇ. ನಾನೂ ಹಾಗೆಂದುಕೊಂಡೇ ದೀಪ ಹಚ್ಚಿದ್ದೆ.

ಗಂಡಿನ ತಾಯಿ ಹಾಸಿಗೆ ಹಿಡಿದಿದ್ದರು. ಮದುವೆಗೆ ಬರಲಾಗದು, ಧಾರೆ ಸೀರೆಯಲ್ಲಿ ಸೊಸೆಯನ್ನು ಫೋಟೋದಲ್ಲಾದರೂ ನೋಡಬೇಕು ಎಂದರಂತೆ. ಗಂಡಿನ ಸೋದರತ್ತೆ ಸೀರೆ, ಒಡವೆ ಹಿಡಿದು, ಪೇಟೆಯಿಂದ ಫೋಟೋದವನನ್ನೂ ಕರೆದುಕೊಂಡು ಬಂದರು. ಹಿತ್ತಲ ಗೋಡೆಗೆ ಜಮಖಾನ ಇಳಿಬಿಟ್ಟು ಅದರ ಮುಂದೆ ನನ್ನನ್ನು ಕೂರಿಸಿದರು.

"ತಲೆ ಬಗ್ಸು. ಹಲ್ಲು ಕಾಣಬಾರ್ದು. ನಮ್ಮನೇಲಿ ಹೆಂಗಸ್ರು ನಕ್ಕಿದ್ದು ಗೋಡೆಗೂ ಕೇಳ್ಸಲ್ಲ," ಎಂದರು ಸೋದರತ್ತೆ.

"ಹಂಗಾದ್ರೆ ಗೋಡೆಗೇ ತಾಳಿ ಕಟ್ಟಿಸ್ಬೋದಿತ್ತಲ್ಲ ತಾಯಿ," ಎಂದು ಫೋಟೋದವನು ನಕ್ಕ. ಬೇರೆ ಯಾರೂ ನಗಲಿಲ್ಲ.

ಕೊನೆಗೆ ಸೋದರತ್ತೆ ನನ್ನ ಕೊರಳಿಗೆ ಸವತಿ ಬಿಲ್ಲೆ ಕಟ್ಟಿದರು. ಸತ್ತ ಹೆಂಡತಿಯ ಹೆಸರಿನಲ್ಲಿ ಹೆಣ್ಣಿನ ಮುಖ ಒತ್ತಿಸಿದ ಚಿನ್ನದ ಸಣ್ಣ ಬಿಲ್ಲೆ ಅದು. ಆಮೇಲೆ ಬಂದ ಹೆಂಡತಿ ತಾನು ಕುಂಕುಮ ಇಟ್ಟುಕೊಳ್ಳುವ ಮೊದಲು ಅದಕ್ಕೆ ಇಡಬೇಕು. ಇಲ್ಲವಾದರೆ ಸತ್ತವಳು ಸುಮ್ಮನಿರುವುದಿಲ್ಲ ಎನ್ನುತ್ತಿದ್ದರು.

ಫೋಟೋದವನು ಕರಿಬಟ್ಟೆಯೊಳಗೆ ತಲೆ ತೂರಿಸಿದವನು ಅಲ್ಲಿಂದಲೇ ಕೂಗಿದ: "ಅಮ್ಮಾ, ಆ ಬಿಲ್ಲೆ ಹಿಂದೆ ಇನ್ನೊಂದು ಇಣುಕ್ತಾ ಇದೆ. ಸರಿ ಮಾಡಿ."

ಅಮ್ಮ ಬಂದು ಬೆರಳಿಂದ ಬಿಡಿಸಿದಳು. ಎರಡು ಮುಖ. ಒಂದರ ಬೆನ್ನಿಗೆ ಒಂದನ್ನು ನೂಲಿನಿಂದ ಬಿಗಿದಿದ್ದರು.

"ಇನ್ನೊಬ್ಳು ಯಾರು?"

"ಹೋದೋರ ಮಾತು ಈಗ್ಯಾಕಮ್ಮ? ಅವ್ಳೂ ಒಂದ್ ವರ್ಷ ಬಾಳಿದ್ಲು."

"ಏನಾಗಿ ಸತ್ಳು?"

ಸೋದರತ್ತೆ ನನ್ನ ಸೆರಗಿನ ನೆರಿಗೆ ತೀಡಿದರು. "ಹುಡುಗಿ ಕಣ್ಣಲ್ಲಿ ನೀರು ಬರಿಸ್ಬೇಡಿ. ಪಟ ಕೆಡುತ್ತೆ."

ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಮಾತು ಕೊಟ್ಟಾಗಿದೆ ಕಣೇ," ಎಂದರು, ನೆಲ ನೋಡುತ್ತಾ.

"ಮಾತು ತಾನೇ ಕೊಟ್ಟಿರೋದು? ಮಗಳು ಇನ್ನೂ ಇಲ್ಲೇ ಇದಾಳೆ," ಎಂದ ಅಮ್ಮ ನನ್ನ ಕೊರಳ ಗಂಟು ಬಿಚ್ಚತೊಡಗಿದಳು. ಅಪ್ಪ ಬೇಡವೆನ್ನಲಿಲ್ಲ. ಅದೂ ದೇವರ ದಯೆಯೇ.

ಸಂಬಂಧ ಮುರಿಯಿತು. ಕೊಬ್ಬಿದ ಮನೆ ಎಂದು ಊರವರು ಆಡಿಕೊಂಡರು. ನಾನು ನೆಮ್ಮದಿಯಾಗಿ ಉಂಡೆ, ಮಲಗಿದೆ.

ಆಷಾಢ ಕಳೆದ ಮೇಲೆ ಸುದ್ದಿ ಬಂತು. ಆ ಮನೆಯವರು ಮಲ್ಲತ್ತಹಳ್ಳಿಯಲ್ಲಿ ಹುಡುಗಿ ಗೊತ್ತು ಮಾಡಿದ್ದಾರೆ, ತಾಯಿಯಿಲ್ಲದವಳಂತೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ನಾನು ಹತ್ತಿರ ಹೋಗಿ ಕೂತೆ.

"ಅಮ್ಮಾ, ಆ ಹುಡುಗಿ ಮನೆಯೋರಿಗೆ ಯಾರಾದ್ರೂ ಹೇಳ್ಬೇಕಲ್ವಾ?"

ಅಮ್ಮ ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ ಮೆಲ್ಲಗೆ ಅಂದಳು:

"ಹೇಳಿ, ಅದೂ ಮುರಿದು, ಆ ಕೆಂಗೇರಿಯೋರು ತಿರುಗಿ ನಮ್ಮನೆ ಬಾಗಿಲಿಗೇ ಬಂದ್ರೆ? ನಿಮ್ಮಪ್ಪ ಎರಡನೇ ಸಲ ಸುಮ್ನಿರ್ತಾರಾ?"